ಎರಡೂ ಬ್ಯಾಡ ಅಂದೋರ ದುಭಾಷಿ

ಮೊನ್ನೆ ಹೊನ್ನಾಳಿಯಿಂದ ಒಬ್ಬಳು, ನ್ಯಾಮತಿಯಿಂದ ಇಬ್ಬರು ಕಾಲೇಜು ಹುಡುಗಿಯರು ಬಸ್ಸು ಹಿಡಿದು ಚನ್ನಗಿರಿಗೆ ನನ್ನನ್ನು ನೋಡಾಕೆ ಬಂದಿದ್ದರು. ಮಗಳ ಮನೆಯ ಹಜಾರದಲ್ಲಿ ಸಾಲಾಗಿ ನಿಂತು, ಸೊಂಟ ಬಗ್ಗಿಸಿ, ಕೊರಿಯಾ ಭಾಷೆಯಲ್ಲಿ ನಮಸ್ಕಾರ ಹೇಳಿದರು. ಮೊಬೈಲಿನಲ್ಲಿ ಧಾರಾವಾಹಿ ನೋಡಿ ಕಲಿತದ್ದಂತೆ. ನಾನೂ ಅದೇ ಭಾಷೆಯಲ್ಲಿ ಕೂರ್ರಿ ಅಂದೆ. ಮೂವರೂ ಮುಖ ಮುಖ ನೋಡಿಕೊಂಡರು.

"ಅಜ್ಜಿ, ನೀವು ಮಾತಾಡಿದ್ದು ಬೇರೆ ಥರ ಐತಲ್ಲ," ಅಂದಳು ಹೊನ್ನಾಳಿಯವಳು.

"ಬೇರೇನೇ. ನೀವು ಕಲ್ತಿದ್ದು ಸೀರಿಯಲ್‌ನಾಗೆ. ನಾನು ಕಲ್ತಿದ್ದು ಕೋಳಿ ಫಾರಮ್ಮಿನಾಗೆ."

ಅವರಿಗೆ ದುಭಾಷಿ ಆಗಬೇಕಂತೆ. ಕೊರಿಯಾ ಕಂಪನಿಗಳು ಕರೆದು ಕೆಲಸ ಕೊಡುತ್ತವಂತೆ. ಆ ಕೆಲಸ ಹೆಂಗಿರುತ್ತೆ ಅಂತ ಕೇಳಿದರು. ಹೇಳಾಕೆ ಕುಂತರೆ ನಿಮ್ಮ ಬಸ್ಸು ತಪ್ಪುತ್ತೆ, ಬರೆದು ಕೊಡ್ತೀನಿ ಅಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಮಗಳು ತಿದ್ದುತ್ತಾಳೆ. ಯಾರು ಶಾಲು ಹೊದಿಸಿದರು, ಯಾರ ಜತೆ ಫೋಟೋ ತೆಗೆಸಿಕೊಂಡೆ ಅನ್ನೋದನ್ನು ಬರೆಯಲ್ಲ. ತಪ್ಪು ಮಾಡಿದ್ದನ್ನು ಬರೀತೀನಿ. ನಿಮಗೆ ಉಪಯೋಗ ಬರೋದು ಅದೇ.

ಬಿಳಿಚೋಡಿನಿಂದ ಎರಡು ಮೈಲಿ ಆಚೆ ಬಯಲಿನಲ್ಲಿ ಆ ಫಾರಂ ಇತ್ತು. ಮೂರು ಉದ್ದನೆಯ ಶೆಡ್ಡು, ಒಂದು ಹೆಂಚಿನ ಮನೆ. ಕೋಳಿಗೆ ಒಣ ಹವೆ ಒಳ್ಳೇದು ಅಂತ ಜಗಳೂರು ಸೀಮೆ ಹುಡುಕಿಕೊಂಡು ಬಂದವರು ಅದರ ಒಡೆಯರು. ಅವರ ಹೆಸರು ಪಾಕ್. ಅದನ್ನು ಕೇಳಿ ಊರಿನವರು ಪಾಕಿಸ್ತಾನದವನು ಅಂತ ಸುದ್ದಿ ಹಬ್ಬಿಸಿದರು. ಪೊಲೀಸರು ಒಂದು ಸಾರಿ ಬಂದು ಕಾಗದಪತ್ರ ನೋಡಿಕೊಂಡು ಹೋದರು. ಆಮೇಲೆ ಜನ ಮೊಟ್ಟೆ ಸಾಹೇಬ್ರು ಅಂತ ಕರೆದರು. ನಾನು ಯಜಮಾನ್ರೆ ಅನ್ನುತ್ತಿದ್ದೆ. ನಮ್ಮನೆಯವರು ಮೊಟ್ಟೆ ವ್ಯಾನು ಓಡಿಸುತ್ತಿದ್ದರು, ನಾನು ಮೊಟ್ಟೆ ಆರಿಸಾಕೆ ಸೇರಿದೆ. ಆಗ ನನಗೆ ಮೂವತ್ತು ತುಂಬಿರಲಿಲ್ಲ, ಅವರಿಗೆ ಐವತ್ತರ ಹತ್ತಿರ.

ಅವರ ಕತೆ ಇಷ್ಟೇ. ಒಂದೇ ಇದ್ದ ದೇಶಕ್ಕೆ ಗೆರೆ ಎಳೆದು ಎರಡು ಮಾಡಿದರು. ಎರಡಕ್ಕೂ ಯುದ್ಧ ಆಯಿತು. ಇವರು ಉತ್ತರದ ಸಿಪಾಯಿ, ಇಪ್ಪತ್ತು ವರ್ಷದ ಹುಡುಗ, ದಕ್ಷಿಣದವರ ಕೈಗೆ ಸಿಕ್ಕಿಬಿದ್ದರು. ಯುದ್ಧ ನಿಂತ ಮೇಲೆ ಒಂದು ಮೇಜಿನ ಮುಂದೆ ನಿಲ್ಲಿಸಿ ಕೇಳಿದರಂತೆ, ಉತ್ತರಕ್ಕೆ ಹೋಗ್ತೀಯೋ ದಕ್ಷಿಣಕ್ಕೋ ಅಂತ. ಎರಡೂ ಬ್ಯಾಡ ಅಂದರು. ಹಂಗೆ ಅಂದ ಸ್ವಲ್ಪ ಜನರನ್ನು ಹಡಗಿನಲ್ಲಿ ನಮ್ಮ ದೇಶಕ್ಕೆ ಕಳಿಸಿದರು.

"ಎರಡೂ ಯಾಕೆ ಬ್ಯಾಡ ಅಂದ್ರಿ?" ಅಂತ ಒಂದು ಸಾರಿ ಕೇಳಿದ್ದೆ.

"ಉತ್ತರಕ್ಕೆ ಹೋದ್ರೆ ಸಿಕ್ಕಿಬಿದ್ದೋನು ಅಂತ ಹೊಡೀತಿದ್ರು. ದಕ್ಷಿಣಕ್ಕೆ ಹೋದ್ರೆ ಉತ್ತರದೋನು ಅಂತ ಹೊಡೀತಿದ್ರು. ನಿಮ್ಮ ದೇಶದಾಗೆ ಯಾಕೆ ಹೊಡೀತಾರೆ ಅಂತ ಗೊತ್ತಿರಲಿಲ್ಲ. ಅದಕ್ಕೆ ಬಂದೆ."

ಅವರ ಭಾಷೆಯನ್ನು ನಾನು ಯಾವತ್ತು ಕಲಿತೆ ಅಂತ ಹೇಳಾಕೆ ಬರಲ್ಲ. ನಮ್ಮ ಜತೆ ಅರ್ಧಂಬರ್ಧ ಕನ್ನಡ ಆಡುತ್ತಿದ್ದರು, ಕೋಳಿಗಳ ಜತೆ ಮಾತ್ರ ತಮ್ಮ ಭಾಷೆ. ಮಧ್ಯಾಹ್ನ ಶೆಡ್ಡಿನ ಜಾಲರಿಯಿಂದ ಬಿಸಿಲು ಸೋಸಿ ಬೀಳೋದು. ಹೊಟ್ಟಿನ ಧೂಳು ಆ ಬೆಳಕಿನಲ್ಲಿ ಮೇಲೂ ಹೋಗದೆ ಕೆಳಗೂ ಇಳಿಯದೆ ನಿಂತಿರೋದು. ಸಾವಿರ ಕೋಳಿ ಒಟ್ಟಿಗೆ ತೂಕಡಿಸೋ ಹೊತ್ತು. ಆ ಗುಂಯ್ ಅನ್ನೋ ಸದ್ದಿನೊಳಗೆ ಅವರ ಮಾತು ಎಲ್ಲೋ ದೂರದಲ್ಲಿ ನೀರು ಹರಿದ ಹಂಗೆ ಕೇಳೋದು. ನಾನೂ ಅರ್ಧ ನಿದ್ದೆಯಲ್ಲೇ ಮೊಟ್ಟೆ ಆರಿಸುತ್ತಿದ್ದೆ. ಕಾಳು, ನೀರು, ಬಾ, ಹೋಗು, ಕಳ್ಳಿ, ಸೋಮಾರಿ, ಎಲ್ಲ ಕಿವಿಯೊಳಗೆ ತಾವೇ ಬಂದು ಕುಂತವು. ಹೊಸ ಮರಿ ಬಂದಾಗ ಬಲ್ಬಿನ ಶಾಖ ಕೊಟ್ಟು ಬೆಚ್ಚಗೆ ಇಡೋ ಮೂಲೆ ಇರುತ್ತಲ್ಲ, ಅದಕ್ಕೆ ಅವರು ಕಾಮಮೋಕ್ ಅನ್ನುತ್ತಿದ್ದರು. "ತಿಪ್ಪಮ್ಮ, ಮರಿಗಳನ್ನ ಕಾಮಮೋಕ್‌ಗೆ ಹಾಕು." ಅದು ಯಾವ ಭಾಷೆ ಅಂತ ಯೋಚನೆ ಮಾಡದೆ ನಾನೂ ಕಾಮಮೋಕ್ ಅಂದೆ, ನಮ್ಮನೆಯವರೂ ಅಂದರು. ಒಂದು ದಿನ ಕನಸಿನಲ್ಲಿ ಸತ್ತುಹೋದ ನಮ್ಮವ್ವ ಬಂದು ನನ್ನನ್ನು ಕೊರಿಯಾ ಭಾಷೆಯಲ್ಲಿ ಬೈದಳು. ಬೈಗುಳ ಪೂರಾ ಅರ್ಥ ಆಯಿತು. ಭಾಷೆ ಬಂದಿದೆ ಅಂತ ಗೊತ್ತಾಗಿದ್ದು ಅವತ್ತು.

ಇನ್ನು ಮೊದಲನೇ ತಪ್ಪು.

ಒಂದು ವರ್ಷ ಫಾರಮ್ಮಿಗೆ ಕೊಕ್ಕರೆ ರೋಗ ಬಂತು. ಬೆಳಗ್ಗೆ ಹೋದರೆ ಕೋಳಿಗಳು ಕತ್ತು ತಿರುಚಿಕೊಂಡು ಬಿದ್ದಿರೋವು. ಮನೆಯಲ್ಲಿ ನಮ್ಮತ್ತೆ ಒಂದೇ ಸಮನೆ ಶುರು ಮಾಡಿದಳು.

"ಏ ತಿಪ್ಪಿ, ನಿನ್ನ ಸಾಹೇಬ ಹೆತ್ತೋಳಿಗೆ ಒಂದಿನ ಎಡೆ ಇಟ್ಟಿದ್ದು ನೋಡೀಯೇನೆ?"

"ಇಲ್ಲ."

"ಮತ್ತೆ? ಹಸಿದ ಹಿರೇರು ಕೋಳಿ ಬಿಡ್ತಾರೇನು?"

ನಮ್ಮ ಕಡೆ ಪಕ್ಷದ ಹದಿನೈದು ದಿನದಲ್ಲಿ ಹಿರಿಯರಿಗೆ ಅಡಿಗೆ ಮಾಡಿ ಎಲೆ ತುಂಬ ಬಡಿಸಿ ಎಡೆ ಇಡುತ್ತೇವೆ. ಸತ್ತ ದಿನ ಗೊತ್ತಿಲ್ಲದವರಿಗೆ ಕೊನೆಯ ದಿನ, ಮಹಾಲಯ ಅಮಾವಾಸ್ಯೆಗೆ ಇಡೋದು. ನಾನು ಯಾರನ್ನೂ ಕೇಳಲಿಲ್ಲ. ಆ ಅಮಾವಾಸ್ಯೆ ದಿನ ಮುದ್ದೆ, ಸಾರು, ವಡೆ, ಹೋಳಿಗೆ ಮಾಡಿಕೊಂಡು ಹೋಗಿ ಯಜಮಾನ್ರ ಮನೆಯ ಒಳಗೋಡೆಗೆ ಒಂದು ಸೀರೆ ಮಡಿಸಿಟ್ಟು, ಎಲೆ ಹಾಕಿ ಬಡಿಸಿ, ದೀಪ ಹಚ್ಚಿದೆ. ಅವರು ಶೆಡ್ಡಿನಿಂದ ಕೈ ತೊಳೆದುಕೊಂಡು ಒಳಗೆ ಬಂದರು.

"ಯಾರಿಗೆ ಇದು?"

"ನಿಮ್ಮ ತಾಯಿಗೆ ಯಜಮಾನ್ರೆ."

"ನಮ್ಮವ್ವ ಸತ್ತಾಳೆ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ದಿನ ಗೊತ್ತಿಲ್ಲದೋರಿಗೆ ನಮ್ಮಲ್ಲಿ ಇವತ್ತು ಇಡ್ತಾರೆ."

"ನಮ್ಮಲ್ಲೂ ಅಂಥಾ ದಿನ ಐತೆ. ಒಂಬತ್ತನೇ ತಿಂಗಳು ಒಂಬತ್ತನೇ ದಿನ. ಯಾವ ವರ್ಷಾನೂ ನಾನು ಇಟ್ಟಿಲ್ಲ. ಎಡೆ ಇಟ್ಟ ದಿನ ಆಕೆ ಸತ್ತಂಗೆ. ಇವತ್ತು ನೀನು ಸಾಯಿಸಿಬಿಟ್ಟೆ."

ಕೂಗಲಿಲ್ಲ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕೋಳಿಗಳಿಗೆ ಸುರಿದರು. ದೀಪ ಬೆರಳಲ್ಲಿ ಆರಿಸಿದರು. ದೀಪಾವಳಿವರೆಗೆ ನನ್ನ ಜತೆ ಒಂದು ಮಾತೂ ಆಡಲಿಲ್ಲ. ಮಾತಾಡಿದ ದಿನ ಹೇಳಿದ್ದು ಇಷ್ಟು: "ತಿಪ್ಪಮ್ಮ, ನನಗೆ ಬೇಕಾದ್ದು ಒಂದೇ. ಆಕೆ ಇದ್ದಾಳೋ ಇಲ್ಲೋ. ಇಲ್ಲ ಅಂದ್ರೆ ಯಾವ ದಿನ ಹೋದ್ಲು. ಅದು ಗೊತ್ತಾಗೋವರೆಗೂ ಈ ಮನೆಯಾಗೆ ಎಲೆ ಹಾಕಬ್ಯಾಡ."

ಹುಡುಗಿಯರೇ, ಅವರದೂ ನಮ್ಮದೂ ಒಂದೇ ಥರ ಅಂತ ಅನ್ನಿಸಿದ ಜಾಗದಲ್ಲೇ ಕಾಲು ಜಾರೋದು. ಈಗಿನವರು ಅಪ್ಪ ಅಮ್ಮ ಅನ್ನೋ ಮಾತು ಅವರಲ್ಲೂ ಐತೆ ಅಂತ ಕುಣೀತಾರೆ. ಐತೆ. ಅದರಿಂದ ಅವರ ಅಪ್ಪ ಅಮ್ಮ ನಮಗೆ ಗೊತ್ತಾದಂಗೆ ಆಗಲ್ಲ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಅದು ಆಗಿದ್ದು ಐದಾರು ವರ್ಷ ಬಿಟ್ಟು.

ಎರಡೂ ಬ್ಯಾಡ ಅಂದು ಬಂದವರಲ್ಲಿ ಯಾರು ಯಾರು ಬದುಕಿದ್ದಾರೆ ಅಂತ ಹುಡುಕಿಕೊಂಡು ದಕ್ಷಿಣದಿಂದ ಮೂವರು ಬಂದರು. ದಾವಣಗೆರೆಯಿಂದ ಒಬ್ಬ ಇಂಗ್ಲಿಷ್ ಮೇಷ್ಟ್ರನ್ನು ಜತೆಗೆ ಕರೆತಂದಿದ್ದರು. ಯಜಮಾನ್ರು ಅವರು ಬರೋ ಸುದ್ದಿ ಕೇಳಿ ತಾಯಿಗೆ ಒಂದು ಕಾಗದ ಬರೆದಿಟ್ಟಿದ್ದರು. ದಕ್ಷಿಣದವರ ಕೈಲಿ ಕೊಟ್ಟರೆ ಬೇರೆ ದೇಶದ ಮೂಲಕ ಸುತ್ತು ಬಳಸಿಯಾದರೂ ಉತ್ತರಕ್ಕೆ ಮುಟ್ಟೀತು ಅಂತ ಆಸೆ. ಬಂದವರು ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕುಂತು, ನಮ್ಮ ಜತೆ ಬನ್ನಿ, ನಮ್ಮ ದೇಶದಲ್ಲೇ ಇರಿ, ಮುಪ್ಪಿನಲ್ಲಿ ನಾವು ನೋಡಿಕೊಳ್ಳುತ್ತೇವೆ ಅಂತ ಬಹಳ ಮರ್ಯಾದೆಯಿಂದ ಹೇಳಿದರು.

ಯಜಮಾನ್ರು ನಕ್ಕು, "ಇರೊಪ್ಸೊ," ಅಂದು, ಕಾಗದ ತರಾಕೆ ಒಳಗೆ ಹೋದರು.

ಮೂವರ ಮುಖವೂ ಬಿಗಿದುಕೊಂಡಿತು. ತಮ್ಮತಮ್ಮಲ್ಲೇ ಗುಸುಗುಸು ಮಾಡಿ, ತಾವು ಕೇಳಿದ್ದು ಸರಿಯೋ ಅಂತ ಗಟ್ಟಿ ಮಾಡಿಕೊಳ್ಳಾಕೆ ಇರಬೇಕು, ಮೇಷ್ಟ್ರಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಮೇಷ್ಟ್ರು ನನ್ನ ಕಡೆ ತಿರುಗಿದರು.

"ಏನಮ್ಮಾ, ಸಾಹೇಬ್ರು ಈಗ ಅಂದ್ರಲ್ಲ, ಅದೇನು?"

ನನಗೆ ಭಾಷೆ ಬರುತ್ತೆ ಅನ್ನೋ ಜಂಬ. ಆ ಮಾತನ್ನು ಬಿಡಿಸಿದರೆ ಕೆಲಸ, ಇಲ್ಲ, ಎರಡೇ ತುಂಡು.

"ಕೆಲಸ ಇಲ್ಲ ಅಂದ್ರು ಸಾರ್," ಅಂದೆ.

ಮೇಷ್ಟ್ರು ಅದನ್ನು ಇಂಗ್ಲಿಷಿಗೆ ಹಾಕಿದರು. ನಿಮ್ಮ ಹತ್ತಿರ ನನಗೇನೂ ಕೆಲಸ ಇಲ್ಲ ಅಂದಂಗೆ ಆಯಿತು. ಮೂವರೂ ಎದ್ದು, ಬಾಗಿಲ ಕಡೆ ಮುಖ ಮಾಡಿ ತಲೆ ಬಗ್ಗಿಸಿ, ಮೇಷ್ಟ್ರ ಜತೆ ಕಾರು ಹತ್ತಿದರು. ಯಜಮಾನ್ರು ಒಗೆದ ಅಂಗಿ ಹಾಕಿಕೊಂಡು, ಕಾಗದ ಹಿಡಿದು ಹೊರಗೆ ಬಂದಾಗ ರಸ್ತೆಯಲ್ಲಿ ಧೂಳು ಮಾತ್ರ ಇತ್ತು. ಮೂರು ಲೋಟ ಟೀ ಹಂಗೇ ಇತ್ತು.

"ಎಲ್ಲಿ ಹೋದ್ರು?"

"ಹೋದ್ರು."

"ನಾನೇನಂದೆ?"

ಆ ಮಾತಿನ ಗುಟ್ಟು ನನಗೆ ತಿಳಿದಿದ್ದು ಬಹಳ ವರ್ಷದ ಮೇಲೆ. ಉತ್ತರದವರು ಅದನ್ನು ಪರವಾಗಿಲ್ಲ, ತೊಂದರೆ ತಗೋಬ್ಯಾಡ್ರಿ ಅನ್ನಾಕೆ ಬಳಸುತ್ತಾರೆ. ದಕ್ಷಿಣದವರ ಕಿವಿಗೆ ಅದೇ ಮಾತು ನಿನ್ನಿಂದ ನನಗೇನೂ ಆಗಬೇಕಿಲ್ಲ, ನಡಿ ಅಂದಂಗೆ. ನಾನು ಹೇಳಿದ ಎರಡು ತುಂಡೂ ಸರಿ ಇದ್ದವು. ಅವುಗಳ ನಡುವೆ ಇದ್ದ ಮನುಷ್ಯ ಬಿಟ್ಟುಹೋಗಿದ್ದ. ಆ ಕಾಗದ ಹೋಗಿದ್ದರೆ ಮುಟ್ಟುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೋಗಲಿಲ್ಲ ಅನ್ನೋದು ಗೊತ್ತು.

ಅವರು ನನ್ನನ್ನು ಬೈಯಲಿಲ್ಲ. ವ್ಯಾನು ಹೊನ್ನಾಳಿಗೆ ಮೊಟ್ಟೆ ಒಯ್ಯೋ ದಿನ ಅವರೂ ಹತ್ತಿ ಕೂರೋದು ಮಾತ್ರ ಆಮೇಲೆ ಜಾಸ್ತಿ ಆಯಿತು. ಮೊಟ್ಟೆ ಇಳಿಸೋವರೆಗೆ ಹೊಳೆ ದಂಡೆಯಲ್ಲಿ ಕುಂತಿರೋರು. ಅವರ ಊರೂ ಹೊಳೆ ದಂಡೆಯದಂತೆ, ಆಚೆ ದಡ ಚೀನಾ ಅಂತೆ. ತುಂಗಭದ್ರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಕನಸಿನಲ್ಲಿ ನಡೆದ ಹಂಗೆ ನಡೀತಾಳೆ, ಅವಸರ ಇಲ್ಲ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯೋರು. ಕೈ ಎತ್ತಿದ್ದು ಮೊದಲು ಕಾಣೋದು, ಸದ್ದು ಆಮೇಲೆ ಬರೋದು. ಯಜಮಾನ್ರು ಅದನ್ನೇ ನೋಡೋರು.

"ಆ ಕಡೆ ಏನೈತೆ?" ಅಂತ ಒಂದು ಸಾರಿ ಕೇಳಿದರು.

"ಏನೂ ಇಲ್ಲ. ಈ ಕಡೆ ಇರೋದೇ. ಗದ್ದೆ, ಜನ."

"ದಾಟಾಕೆ ಏನು ಬೇಕು?"

"ಸೇತುವೆ ಐತಲ್ಲ ಯಜಮಾನ್ರೆ, ಬಸ್ಸು ಹೋಗ್ತವೆ."

ಬಹಳ ಹೊತ್ತು ನಕ್ಕರು. ಯಾಕೆ ನಕ್ಕರು ಅಂತ ನಾನು ಕೇಳಲಿಲ್ಲ.

ನಾನು ಲೆಕ್ಕಕ್ಕೆ ಬರೋ ದುಭಾಷಿ ಆಗಿದ್ದು ನ್ಯಾಮತಿಯಲ್ಲಿ. ದಕ್ಷಿಣದ ಒಂದು ಬೀಜದ ಕಂಪನಿ ಅಲ್ಲಿ ಮೆಕ್ಕೆಜೋಳದ ತಾಕು ಹಾಕಿತ್ತು. ಅವರಿಗೂ ರೈತರಿಗೂ ನಡುವೆ ಮಾತು ದಾಟಿಸಾಕೆ ಜನ ಸಿಕ್ಕಿರಲಿಲ್ಲ. ಕೋಳಿ ಮೇವಿಗೆ ಜೋಳ ಕೊಡುತ್ತಿದ್ದ ವ್ಯಾಪಾರಿ ನನ್ನ ಹೆಸರು ಹೇಳಿದ. ಮೊದಲ ದಿನ ಹೊಲದ ಬದುವಿನಲ್ಲಿ ಎಲ್ಲರೂ ಕುಕ್ಕರಗಾಲಲ್ಲಿ ಕುಂತಿದ್ದರು, ಅವರೂ ನಮ್ಮವರ ಹಂಗೇ ಆರಾಮಾಗಿ ಕುಂತಿದ್ದರು. ನಾನು ಮ್ಯಾನೇಜರಿಗೆ ಕೈ ಮುಗಿದು, ಯಜಮಾನ್ರು ಗೆಳೆಯರಿಗೆ ಅನ್ನೋ ಮಾತನ್ನೇ ಬಳಸಿ, "ಬರ್ರಿ ತೊಂಗ್ಮು," ಅಂದೆ.

ಮ್ಯಾನೇಜರು ಹಸಿಮೆಣಸಿನಕಾಯಿ ಕಡಿಯುತ್ತಿದ್ದವನು ಬಾಯಿ ಮುಚ್ಚಲೇ ಇಲ್ಲ. ಹಿಂದಿನಿಂದ ಒಬ್ಬ ಹುಡುಗಿ ಹೊಟ್ಟೆ ಹಿಡಿದು ನಗಾಕೆ ಹತ್ತಿದಳು. ಆ ಮಾತು ಮೊದಲು ಎರಡೂ ಕಡೆ ಗೆಳೆಯ ಅಂತಲೇ ಇತ್ತಂತೆ. ಉತ್ತರದವರು ಅದನ್ನು ತಮ್ಮ ಪಕ್ಷದ ಮಾತು ಮಾಡಿಕೊಂಡ ಮೇಲೆ ದಕ್ಷಿಣದವರು ಬಾಯಲ್ಲಿ ಹಾಕೋದೇ ಬಿಟ್ಟರಂತೆ. ಜಗಳೂರಿನ ಸೀರೆ ಉಟ್ಟ ಹೆಂಗಸು ನಿಂತುಕೊಂಡು ಕಾಮ್ರೇಡ್ ಅಂದರೆ ಅವರಾದರೂ ಏನು ಮಾಡಬೇಕು.

ನಕ್ಕ ಹುಡುಗಿ ಸುಜಿನ್. ನಮ್ಮವರು ಸುಜಮ್ಮ ಅನ್ನುತ್ತಿದ್ದರು. ಹಳೇ ಕಾಲದವರ ಬಾಯಿಮಾತು ಬರೆದಿಟ್ಟುಕೊಳ್ಳೋದು ಅವಳ ಓದು. ಕಂಪನಿ ಜತೆ ಬಂದಿದ್ದು ಖರ್ಚಿಗೆ. ನಾನು ಬಾಯಿ ತೆಗೆದರೆ ಪುಸ್ತಕ ತೆಗೆಯುತ್ತಿದ್ದಳು. "ಹಲ್ಮೊನಿ, ನಿಮಗೆ ಈ ಮಾತು ಕಲಿಸಿದವರು ಯಾರು?" ಅಂದಳು. ಹಲ್ಮೊನಿ ಅಂದರೆ ಅಜ್ಜಿ. ಆಗಿನ್ನೂ ನಾನು ಅಜ್ಜಿ ಆಗಿರಲಿಲ್ಲ, ಆದರೂ ಬಿಟ್ಟುಕೊಟ್ಟೆ. ಬಿಳಿಚೋಡಿಗೆ ಕರಕೊಂಡು ಹೋದೆ. ಇರೊಪ್ಸೊ ಅನ್ನೋದರ ಎರಡು ಅರ್ಥ ನನಗೆ ಬಿಡಿಸಿ ಹೇಳಿದವಳು ಅವಳೇ, ಅದೇ ಬೇವಿನ ಮರದ ಕೆಳಗೆ. ಅವತ್ತು ನನಗೆ ಊಟ ಸೇರಲಿಲ್ಲ.

ಅವಳ ಅಜ್ಜಿಯೂ ಯುದ್ಧದ ಕಾಲಕ್ಕೆ ಉತ್ತರದಿಂದ ಓಡಿಬಂದವಳು, ಮತ್ತೆ ತನ್ನವರ ಮುಖ ನೋಡದೆ ಸತ್ತವಳು. ಅದಕ್ಕೋ ಏನೋ, ಯಜಮಾನ್ರ ಕಾಗದ ತಾನು ಮುಟ್ಟಿಸುತ್ತೇನೆ ಅಂದಳು. ಚೀನಾದ ಗಡಿಯಲ್ಲಿ ಕೊರಿಯಾ ಮೂಲದ ವ್ಯಾಪಾರಿಗಳು ಇದ್ದಾರೆ, ಹೊಳೆ ದಾಟಿ ಹೋಗಿ ಬರುತ್ತಾರೆ, ಒಬ್ಬರ ಕೈಯಿಂದ ಒಬ್ಬರಿಗೆ ಹೋಗಬೇಕು ಅಂದಳು. ಯಜಮಾನ್ರು ಹಳೇ ಕಾಗದ ಹರಿದು ಹೊಸದು ಬರೆದರು. ನಾಲ್ಕೇ ಸಾಲು. ಅವ್ವ ಇದ್ದಾಳೋ, ಇಲ್ಲ ಅಂದರೆ ಯಾವ ದಿನ.

ಉತ್ತರ ಬರಲಿಲ್ಲ. ನಾನು ಸುಗ್ಗಿಗೊಮ್ಮೆ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಹೊಲಗಳಲ್ಲಿ ದುಭಾಷಿ ಕೆಲಸ ಮಾಡಿಕೊಂಡು, ಉಳಿದಂತೆ ಫಾರಂ ನೋಡಿಕೊಂಡು ಇದ್ದೆ. ಯಜಮಾನ್ರ ಕಿವಿ ಮಂದ ಆಗುತ್ತಾ ಬಂತು. ಕೊನೆಗೆ ಎಡಗಿವಿಗೆ ಬಾಯಿಟ್ಟು ಕೂಗಿದರೆ ನನ್ನ ದನಿ ಒಂದು ಕೇಳೋದು. ಬೇರೆಯವರದು ಸೊಳ್ಳೆ ಹಾರಿದಂಗೆ ಅನ್ನುತ್ತಿದ್ದರು. ಪ್ರತಿ ವರ್ಷ ಅನಂತನ ಹುಣ್ಣಿಮೆಗೆ, ಅದು ಅವರ ಎಂಟನೇ ತಿಂಗಳ ಹುಣ್ಣಿಮೆ, ಅವರಲ್ಲೂ ದೊಡ್ಡ ಹಬ್ಬ, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಚಂದ್ರ ಹುಟ್ಟೋದು ನೋಡುತ್ತಿದ್ದರು. ಎಲೆ ಮಾತ್ರ ಹಾಕಲಿಲ್ಲ.

ಎರಡು ವರ್ಷ ಆದ ಮೇಲೆ, ಅದೇ ಹುಣ್ಣಿಮೆಗೆ ನಾಲ್ಕು ದಿನ ಇದ್ದಾಗ, ಸುಜಮ್ಮ ಹೇಳದೆ ಕೇಳದೆ ಬಂದಳು. ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಯಂತ್ರ. ಅದರಲ್ಲಿ ಯಜಮಾನ್ರ ತಂಗಿಯ ದನಿ. ಕಾಗದ ಸಿಕ್ಕಿಬಿದ್ದರೆ ಕಷ್ಟ ಅಂತ ಬಾಯಲ್ಲಿ ಹೇಳಿ ಕಳಿಸಿದ್ದಳು.

ಯಜಮಾನ್ರ ಕಿವಿಗೆ ಹಿಡಿದರೆ ಏನೂ ಕೇಳಲಿಲ್ಲ. "ನೀವಿಬ್ರು ಕೇಳಿ ಬಂದು ಹೇಳ್ರಿ," ಅಂದು ಅಂಗಳದಲ್ಲೇ ಕುಂತರು. ಎರಡೂ ಕೈ ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು.

ನಾವು ಮೇವಿನ ಕೋಣೆಗೆ ಹೋದೆವು. ಸುಜಮ್ಮ ಗುಂಡಿ ಒತ್ತಿದಳು. ಒಬ್ಬ ಮುದುಕಿ ಮಾತಾಡಿದಳು. ನಾನು ಕಂಡಿಲ್ಲದ ದೇಶ, ಕಂಡಿಲ್ಲದ ಹೆಂಗಸು, ಆದರೆ ದನಿ ಯಜಮಾನ್ರು ಕೋಳಿಗಳ ಜತೆ ಮಾತಾಡೋದೇ. ಅದೇ ಎಳೆತ, ಅದೇ ನುಂಗೋದು. ಆ ಇಪ್ಪತ್ತು ವರ್ಷದ ಮಧ್ಯಾಹ್ನಗಳೆಲ್ಲ ಆ ಕೋಣೆಯೊಳಗೆ ಬಂದು ನಿಂತಂಗೆ ಆಯಿತು. ಸುಜಮ್ಮ ಮಾತ್ರ ಬರೆಯುತ್ತಾ ಬರೆಯುತ್ತಾ ನಿಲ್ಲಿಸುತ್ತಿದ್ದಳು. ಅವಳದು ರೇಡಿಯೋ ಭಾಷೆ, ಇದು ಗಡಿಯ ಹಳ್ಳಿ ಭಾಷೆ.

"ಹಲ್ಮೊನಿ, ಇಲ್ಲಿ ತಾಯಿ ಮಗನ ಅನ್ನವನ್ನು ದಿನಾ ಕಾಮಮೋಕ್‌ಗೆ ಕಳಿಸುತ್ತಿದ್ದಳು ಅನ್ನುತ್ತಾರೆ. ಕಾಮಮೋಕ್ ಅನ್ನುವುದು ಯಾವ ಊರು? ಮಗ ಅಲ್ಲಿದ್ದಾನೆ ಎಂದು ತಿಳಿದಿದ್ದಳೇ?"

"ಊರಲ್ಲ ಕಣವ್ವ. ಅದು ಬೆಚ್ಚಗಿನ ಜಾಗ. ನಾವು ಮರಿ ಹಾಕಲ್ವಾ, ಆ ಮೂಲೆ. ಕಳಿಸ್ತಿದ್ಲು ಅಂದಿಲ್ಲ, ಇಡ್ತಿದ್ಲು ಅಂದಾಳೆ."

ಅವರ ಮನೆಗಳಲ್ಲಿ ಒಲೆಯ ಹೊಗೆ ನೆಲದ ಕೆಳಗೆ ಹಾಯುತ್ತದಂತೆ. ಒಲೆಯ ಪಕ್ಕದ ನೆಲ ಎಲ್ಲಕ್ಕಿಂತ ಬಿಸಿ. ಅದೇ ಕಾಮಮೋಕ್. ಹೊರಗೆ ಹೋದವರ ಅನ್ನದ ಬಟ್ಟಲನ್ನು ಅಲ್ಲಿ ಕಂಬಳಿ ಹೊದಿಸಿ ಇಡುತ್ತಾರಂತೆ. ಇದನ್ನು ಸುಜಮ್ಮ ಆಮೇಲೆ ಹೇಳಿದಳು, ಅವಳ ಊರಿನಲ್ಲಿ ಅದಕ್ಕೆ ಬೇರೆ ಹೆಸರು. ಹಿಂಗೆ ನಾಲ್ಕನೇ ಕ್ಲಾಸಿನ ನಾನು ಕೊರಿಯಾದ ಹುಡುಗಿಗೆ ಕೊರಿಯಾ ಭಾಷೆ ಅರ್ಥ ಹೇಳಿದೆ. ಮೂರು ಸಾರಿ ಕೇಳಿದ ಮೇಲೆ ಪೂರಾ ಸಿಕ್ಕಿತು. ತಂಗಿ ಹೇಳಿದ್ದು ಇದು:

"ಅಣ್ಣಾ, ಅವ್ವ ಹೋಗಿ ಮೂರು ವರ್ಷ ಆತು. ಎಂಟನೇ ತಿಂಗಳ ಹುಣ್ಣಿಮೆ ಮಾರನೇ ದಿನ, ಹೊತ್ತು ಹುಟ್ಟೋ ಮುಂಚೆ. ನಿನಗೆ ಎಡೆ ಇಡು ಅಂತ ಊರೋರೆಲ್ಲ ಹೇಳಿದ್ರು, ಆಕೆ ಇಡಲಿಲ್ಲ, ನಮಗೂ ಇಡಾಕೆ ಬಿಡಲಿಲ್ಲ. ದಿನಾ ಒಂದು ಬಟ್ಟಲು ಅನ್ನ ಕಾಮಮೋಕ್‌ನಾಗೆ ಇಡೋಳು. ಅನ್ನ ಇಲ್ಲದ ವರ್ಷದಾಗೆ ಬಟ್ಟಲಿಗೆ ಬಿಸಿನೀರು ಹಾಕಿ ಇಟ್ಟಳು. ಆಕೆ ಹೋದ ಮೇಲೆ ನಿನಗೂ ಆಕೆಗೂ ಒಂದೇ ದಿನ ಎಡೆ ಇಡ್ತೀವಿ. ಇಲ್ಲಿ ಎಲ್ರಿಗೂ ನೀನು ಸತ್ತೋನು. ಹಂಗೇ ಇರು. ಮಕ್ಕಳು ಮೊಮ್ಮಕ್ಕಳು ಅದಾರೆ. ಮತ್ತೆ ಹುಡುಕಬ್ಯಾಡ."

ನನ್ನ ತಲೆಯಲ್ಲಿ ಎರಡು ವಿಷಯ ಕುಂತವು. ನಾನು ಎಡೆ ಇಟ್ಟ ದಿನ ಆ ಮುದುಕಿ ಬದುಕಿದ್ದಳು. ನಾನು ಕೆಲಸ ಇಲ್ಲ ಅಂದ ದಿನವೂ ಬದುಕಿದ್ದಳು.

ಸುಜಮ್ಮ ಕಣ್ಣು ಒರೆಸಿಕೊಂಡು, "ದಿನವನ್ನು ಹೇಳೋಣ. ಬಟ್ಟಲಿನ ವಿಷಯ ಹೇಳೋಣ. ಉಳಿದದ್ದು ಬೇಡ," ಅಂದಳು.

"ಉಳಿದದ್ದು ಯಾಕೆ ಬ್ಯಾಡ?"

"ಸ್ವಂತ ತಂಗಿಯೇ ಸತ್ತವನಾಗಿರು ಅಂದಳು ಎಂದು ಈ ವಯಸ್ಸಿನಲ್ಲಿ ಅವರಿಗೆ ಹೇಗೆ ಹೇಳುವುದು?"

"ಬಾಯಲ್ಲಿ."

"ಹಲ್ಮೊನಿ, ತಮಾಷೆ ಅಲ್ಲ. ಅವರು ತಡೆದುಕೊಳ್ಳಲಾರರು."

"ಅದನ್ನ ಅವ್ರು ನೋಡ್ಕೊಳ್ಳಲಿ. ಒಂದು ಸಾರಿ ಅವ್ರನ್ನ ಕೇಳದೆ ಎಡೆ ಇಟ್ಟೆ. ಒಂದು ಸಾರಿ ಅವ್ರನ್ನ ಕೇಳದೆ ಅರ್ಥ ಹೇಳ್ದೆ. ಇನ್ನೊಂದು ಸಾರಿ ಅವ್ರ ಬದಲು ನಾನು ಯೋಚನೆ ಮಾಡಲ್ಲ."

ಇಂಥ ಮಾತನ್ನು ಮೆಲ್ಲಗೆ ಹೇಳಬೇಕು. ಕಿವಿ ಕೇಳದವರಿಗೆ ಮೆಲ್ಲಗೆ ಹೇಳಾಕೆ ಬರಲ್ಲ. ಅಂಗಳದಲ್ಲಿ ಅವರ ಎಡಗಡೆ ಮೊಣಕಾಲೂರಿ, ಕಿವಿಗೆ ಬಾಯಿಟ್ಟು, ಒಂದೊಂದೇ ಮಾತನ್ನು ಅವರ ಭಾಷೆಯಲ್ಲಿ ಕೂಗಿದೆ. ಹೋದಳು ಅಂತ ಕೂಗಿದೆ. ದಿನ ಕೂಗಿದೆ. ನೀನು ಸತ್ತೋನಾಗೇ ಇರು ಅಂದಾಳೆ ಅಂತ ಕೂಗಿದೆ. ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ಜಗಳ ಅಂತ ನಿಂತು ನೋಡಿದ.

ಯಜಮಾನ್ರು ಕಿವಿಯನ್ನು ನನ್ನ ಬಾಯಿಗೆ ಇನ್ನೂ ಹತ್ತಿರ ತಂದರು.

"ಬಿಸಿನೀರು ಅಂದ್ಲಾ?"

"ಹೂಂ."

"ಅದನ್ನ ಇನ್ನೊಂದು ಸಾರಿ ಹೇಳು."

ಹೇಳಿದೆ. ಆಮೇಲೆ ನನ್ನದೂ ಹೇಳಿದೆ. "ನಾನು ಆ ಅಮಾಸೆ ದಿನ ಎಡೆ ಇಟ್ಟಾಗ ಆಕೆ ಬದುಕಿದ್ಲು ಯಜಮಾನ್ರೆ. ಆ ಮೂವರು ಬಂದಾಗಲೂ ಬದುಕಿದ್ಲು."

"ನಾನು ಅವತ್ತೇ ಹೇಳಿದ್ನಲ್ಲ," ಅಂದರು. ಸುಮ್ಮನೆ ಶೆಡ್ಡಿನ ಕಡೆ ನೋಡುತ್ತಾ ಇದ್ದರು. ಬಿಸಿಲು ಇಳಿದು ಅವರ ಪಾದ ದಾಟಿ ಗೋಡೆ ಹತ್ತಿತು. ಅಷ್ಟು ಹೊತ್ತೂ ನಾನು, ಸುಜಮ್ಮ ಅಲ್ಲೇ ನೆಲದ ಮೇಲೆ ಕುಂತಿದ್ದೆವು. ಸುಮ್ಮನಿರೋದನ್ನು ಯಾವ ಭಾಷೆಗೂ ದಾಟಿಸಬೇಕಾಗಿಲ್ಲ. ಈ ಕೆಲಸದಲ್ಲಿ ಸಿಗೋ ಬಿಡುವು ಅದೊಂದೇ. ಎದ್ದಾಗ ಹೇಳಿದರು, "ಹುಣ್ಣಿಮೆ ಮಾರನೇ ದಿನ ಎಲೆ ಹಾಕು. ಎರಡು."

"ಎರಡು ಯಾರಿಗೆ?"

"ಅವ್ವಗೆ ಒಂದು. ನನಗೆ ಒಂದು."

ನಮ್ಮನೆಯವರಿಗೆ ಅದು ಸರಿ ಕಾಣಲಿಲ್ಲ. ಎಡೆ ದಿನ ಬಾಳೆ ಎಲೆ ತಂದು ಒಗೆದು, "ಬದುಕಿರೋರಿಗೆ ಎಡೆ ಇಡೋದು ಎಲ್ಲೈತೆ ಯಜಮಾನ್ರೆ?" ಅಂದರು. ನಾನು ಅದನ್ನು ಕಿವಿಗೆ ಕೂಗಿದೆ.

"ಕೊರಿಯಾದಾಗೆ ಐತೆ ಅಂತ ಹೇಳು," ಅಂದರು.

ಒಳಗೋಡೆಗೆ ಎರಡು ಎಲೆ ಹಾಕಿದೆ. ಒಂದರ ಮುಂದೆ ಸೀರೆ, ಒಂದರ ಮುಂದೆ ಅವರದೇ ಒಗೆದ ಅಂಗಿ. ಮುದ್ದೆ, ಅನ್ನ, ಸಾರು, ವಡೆ, ಹೋಳಿಗೆ, ಬೇಯಿಸಿದ ಮೊಟ್ಟೆ. ದೀಪ ಅವರೇ ಹಚ್ಚಿದರು. ತಾಯಿಯ ಎಲೆಗೆ ಎರಡು ಸಾರಿ ಹಣೆ ನೆಲಕ್ಕೆ ಮುಟ್ಟಿಸಿ ಅಡ್ಡಬಿದ್ದರು. ಏಳಾಕೆ ಸುಜಮ್ಮ ಕೈ ಕೊಟ್ಟಳು. ಆಮೇಲೆ ನಾವು ಬಾಗಿಲು ಮುಂದೆ ಮಾಡಿ ಹೊರಗೆ ನಿಂತೆವು, ಹಿರಿಯರು ಬಂದು ಉಣ್ಣಲಿ ಅಂತ. ಅವರು ಹೊರಗೆ ಬರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದೆ. ಯಜಮಾನ್ರು ತಮ್ಮ ಎಲೆಯ ಮುಂದೆ ಚಕ್ಕಂಬಕ್ಕಲ ಹಾಕಿಕೊಂಡು ಉಣ್ಣುತ್ತಿದ್ದರು. ಮುದ್ದೆ ಅರ್ಧ ಆಗಿತ್ತು. ಪಕ್ಕದ ಎಲೆಯ ಕಡೆ ವಾಲಿ ಕುಂತಿದ್ದರು, ಯಾರೋ ಮೆಲ್ಲಗೆ ಮಾತಾಡುತ್ತಿದ್ದಾರೆ, ಅದು ಕೇಳುತ್ತಿದೆ ಅನ್ನೋ ಹಂಗೆ. ನಮ್ಮನೆಯವರು ಏನೋ ಅನ್ನಾಕೆ ಹೋದರು, ನಾನು ಕಣ್ಣಲ್ಲೇ ಸುಮ್ಮನಿರಿಸಿದೆ.

ಎಡೆಯ ಅಡಿಗೆ ಮಾಡುವಾಗ ರುಚಿ ನೋಡಬಾರದು. ಕೈ ಅಂದಾಜಿನಲ್ಲೇ ಹಾಕೋದು. ಅಷ್ಟು ವರ್ಷ ನಮ್ಮ ಮಾವನಿಗೆ, ನಮ್ಮವ್ವನಿಗೆ, ಆಮೇಲೆ ನಮ್ಮತ್ತೆಗೂ ಇಟ್ಟಿದ್ದೇನೆ, ಹೆಚ್ಚು ಕಮ್ಮಿ ಅಂತ ಯಾರೂ ಹೇಳಿದ್ದಿಲ್ಲ. ಯಜಮಾನ್ರು ಸಾರಿನ ಬೆರಳು ನೆಕ್ಕಿ ನನ್ನ ಕಡೆ ತಿರುಗಿದರು.

"ತಿಪ್ಪಮ್ಮ, ಉಪ್ಪು ಕಮ್ಮಿ ಐತೆ."

ಒಳಗೆ ಹೋಗಿ ಉಪ್ಪು ತಂದು ಬಡಿಸಿದೆ. ಎರಡೂ ಎಲೆಗೆ.